ಜರ್ಮನಿಯ ರಸ್ತೆ ದಾಟು: ಸೈಕಲ್ ಮೊದಲೋ, ಕಾರು ಮೊದಲೋ?

ಜೀಬ್ರಾ ಪಟ್ಟೆ ಇರುವುದು ನಡೆಯುವವರಿಗೆ. ಅದರ ಮೇಲೆ ಸೈಕಲ್ ತುಳಿಯುತ್ತಾ ಹೋದರೆ ಕಾರು ನಿಮಗಾಗಿ ನಿಲ್ಲಬೇಕೆಂಬ ನಿಯಮವಿಲ್ಲ. ಗುದ್ದಿಕೊಂಡರೆ ತಪ್ಪಿನ ದೊಡ್ಡ ಪಾಲು ನಿಮ್ಮ ತಲೆಗೇ ಬರಬಹುದು. ಇಳಿದು ತಳ್ಳಿಕೊಂಡು ಹೊರಟರೆ ನೀವು ಪಾದಚಾರಿ, ಕಾರು ನಿಲ್ಲಲೇಬೇಕು. ಟ್ರಾಮ್ ಮಾತ್ರ ನಿಲ್ಲಬೇಕಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಕಾರಿನಲ್ಲಿದ್ದರೆ, ಯಾರಾದರೂ ದಾಟುವ ಹಾಗೆ ಕಂಡರೆ ಸಾಕು, ವೇಗ ಇಳಿಸಿ ಕಾಯಬೇಕು. ಅಲ್ಲಿ ಓವರ್‌ಟೇಕ್ ಮಾಡುವಂತಿಲ್ಲ. ಪಟ್ಟೆಯ ಮೇಲಾಗಲಿ, ಅದಕ್ಕೆ ಮುಂಚಿನ 5 ಮೀಟರ್‌ನಲ್ಲಾಗಲಿ ಗಾಡಿ ನಿಲ್ಲಿಸಿಡುವಂತಿಲ್ಲ. ಪಾದಚಾರಿಗೆ ದಾರಿ ಬಿಡದಿದ್ದರೆ 80 ಯೂರೋ ದಂಡ, ಜೊತೆಗೆ ನಿಮ್ಮ ಸಂಚಾರ ದಾಖಲೆಯಲ್ಲಿ ಒಂದು ತಪ್ಪಿನ ಪಾಯಿಂಟ್.

ಅಡ್ಡರಸ್ತೆಯ ಬಾಯಲ್ಲಿ ಎರಡು ತುಂಡುಗೆರೆಗಳ ನಡುವೆ, ಕೆಲವೊಮ್ಮೆ ಕೆಂಪು ಬಣ್ಣ ಬಳಿದು, ಸೈಕಲ್ ಚಿತ್ರ ಬರೆದಿರುತ್ತಾರೆ. ಇದು ಜೀಬ್ರಾ ಅಲ್ಲ, ಸೈಕಲ್ ದಾರಿಯ ಮುಂದುವರಿಕೆ. ಮುಖ್ಯರಸ್ತೆಯಿಂದ ಬಲಕ್ಕೆ ತಿರುಗುವ ಕಾರು, ತನಗೆ ಹಸಿರು ದೀಪವಿದ್ದರೂ, ನೇರ ಹೋಗುವ ಸೈಕಲ್‌ಗೆ ದಾರಿ ಬಿಡಬೇಕು. ನಿಜವಾದ ಅಪಾಯ ಇಲ್ಲೇ. ಸೈಕಲ್ ದಾರಿ ಕಾರಿನ ಬಲಗಡೆಗೇ ಇರುವುದರಿಂದ, ಹಿಂದಿನಿಂದ ಬರುವ ಸೈಕಲ್ ಕನ್ನಡಿಗೆ ಸಿಗದೆ ಹೋಗುತ್ತದೆ. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಬಲ ಭುಜದ ಮೇಲಿಂದ ತಲೆ ಹೊರಳಿಸಿ ನೋಡಿದ ಮೇಲೇ ಸ್ಟಿಯರಿಂಗ್ ತಿರುಗಿಸಿ. ಡ್ರೈವಿಂಗ್ ಪರೀಕ್ಷೆಯಲ್ಲೂ ಈ ಹೊರಳುನೋಟ ಬಿಟ್ಟರೆ ಫೇಲಾಗಬಹುದು. 3.5 ಟನ್‌ಗಿಂತ ಭಾರದ ಲಾರಿಗಳು ಊರೊಳಗೆ, ಸೈಕಲ್ ಅಥವಾ ದಾಟುವ ಜನ ಬರಬಹುದಾದ ಕಡೆ, ನಡಿಗೆಯ ವೇಗದಲ್ಲೇ ಬಲಕ್ಕೆ ತಿರುಗಬೇಕು. 2020ರಿಂದ ಈ ನಿಯಮವಿದೆ. ಆದರೂ ಸೈಕಲ್‌ನಲ್ಲಿರುವಾಗ ಲಾರಿಯ ಬಲಪಕ್ಕಕ್ಕೆ ನುಗ್ಗಬೇಡಿ. ಹಕ್ಕು ನಿಮ್ಮದೇ ಇರಬಹುದು, ಚಕ್ರ ಮಾತ್ರ ಅವನದು.

ಸೈಕಲ್ ದಾರಿ ರಸ್ತೆಯಿಂದ 5 ಮೀಟರ್‌ಗಿಂತ ದೂರ ಸರಿದಿದ್ದರೆ ಲೆಕ್ಕ ಬೇರೆಯಾಗಬಹುದು. ಅಂಥ ಕಡೆ ಸೈಕಲ್‌ನವರೇ ದಾರಿ ಬಿಡಬೇಕೆಂದು ಪುಟ್ಟ ತಲೆಕೆಳಗು ತ್ರಿಕೋನದ ಫಲಕ ನೆಟ್ಟಿರುವುದುಂಟು, ಕಣ್ಣಿಟ್ಟಿರಿ.

ಸಿಗ್ನಲ್‌ನಲ್ಲಿ ಸೈಕಲ್‌ಗೆಂದೇ ದೀಪವಿದ್ದರೆ ಅದನ್ನು ನೋಡಿ, ಇಲ್ಲದಿದ್ದರೆ ವಾಹನಗಳ ದೀಪವನ್ನು. ಪಾದಚಾರಿ ದೀಪ ಲೆಕ್ಕಕ್ಕಿಲ್ಲ. ಕೆಂಪು ದಾಟಿದರೆ ಸೈಕಲ್‌ಗೂ 60 ಯೂರೋ, ಒಂದು ಪಾಯಿಂಟ್. ಕೆಂಪಾಗಿ ಒಂದು ಸೆಕೆಂಡ್ ಕಳೆದಿದ್ದರೆ 100.

ಮಕ್ಕಳಿದ್ದರೆ: ಎಂಟು ತುಂಬುವವರೆಗೆ ಫುಟ್‌ಪಾತ್ ಮೇಲೇ ತುಳಿಯಬೇಕು, ರಸ್ತೆಯಿಂದ ಬೇರ್ಪಡಿಸಿ ಕಟ್ಟಿದ ಸೈಕಲ್ ದಾರಿಯಿದ್ದರೆ ಅದರಲ್ಲೂ ಸರಿ. ಹತ್ತು ತುಂಬುವವರೆಗೆ ಫುಟ್‌ಪಾತ್ ಬಳಸಬಹುದು. ಎಂಟರೊಳಗಿನ ಮಗುವಿನ ಜೊತೆ, 16 ತುಂಬಿದ ಒಬ್ಬರು ಫುಟ್‌ಪಾತ್ ಮೇಲೆ ಸೈಕಲ್‌ನಲ್ಲಿ ಹೋಗಬಹುದು. ಫುಟ್‌ಪಾತ್‌ನಿಂದ ರಸ್ತೆ ದಾಟುವಾಗ ಮಗುವೂ ಇಳಿಯಬೇಕು, ನೀವೂ ಇಳಿಯಬೇಕು.