ನಾಯಿಯನ್ನೂ ಕರೆದುಕೊಂಡು ಗಂಡಿಕೋಟಕ್ಕೆ ಹೋಗುವ ಬಗೆ

ರಾಯದುರ್ಗದ ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಮೊದಲು ಏಳುವ ಪ್ರಶ್ನೆ ಕರಿಯನನ್ನು ಯಾರ ಮನೆಯಲ್ಲಿ ಬಿಡುವುದು ಎಂಬುದೇ ಆಗಿತ್ತು. ಕರಿಯ ಇಪ್ಪತ್ತು ಕಿಲೋ ತೂಗುವ ನಾಟಿ ನಾಯಿ. ನಾವಿಲ್ಲದಿದ್ದರೆ ಅನ್ನ ಮುಟ್ಟುವುದಿಲ್ಲ. ಕೊನೆಗೆ ಅವನನ್ನೂ ಕರೆದುಕೊಂಡೇ ಹೊರಡುವುದೆಂದು ತೀರ್ಮಾನಿಸಿ ಎರಡು ಬಾರಿ ಗಂಡಿಕೋಟಕ್ಕೆ ಹೋಗಿ ಬಂದೆವು. ಮೊದಲ ಬಾರಿ ಮಾಡಿದ ತಪ್ಪುಗಳೇ ಈ ಬರಹದ ಬಂಡವಾಳ.

ಗಂಡಿಕೋಟ ಇರುವುದು ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ. ನಂದಿಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ನಾವು ಉತ್ತರ ಪಿನಾಕಿನಿ ಎಂದು ಕರೆಯುವ ನದಿಯೇ ಇಲ್ಲಿ ಪೆನ್ನಾ ಎನಿಸಿಕೊಂಡು, ಎರ್ರಮಲ ಬೆಟ್ಟಗಳನ್ನು ಸೀಳಿ ಕಂದರ ಮಾಡಿದೆ. ಗಂಡಿ ಎಂದರೆ ಬಿರುಕು, ಕೋಟ ಎಂದರೆ ಕೋಟೆ. ಕನ್ನಡದವರಿಗೆ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ಇದು ನಿಜವಾದ ಮರುಭೂಮಿಯಲ್ಲ, ಮಳೆನೆರಳಿನ ಒಣನಾಡು. ಆದರೆ ಕಣೇಕಲ್ಲಿನ ಮರಳುದಿಬ್ಬಗಳನ್ನು ಕಂಡು ಬೆಳೆದ ನಮಗೂ ಇಲ್ಲಿನ ಕಲ್ಲಿನ ಕಾವು ಹೊಸದೆನಿಸಿತು.

ಆ ಕಾವಿನ ಲೆಕ್ಕ ಹಿಡಿದೇ ಇಡೀ ಪ್ರವಾಸವನ್ನು ಯೋಜಿಸಬೇಕು. ಮೊದಲ ಸಲ ನಾವು ಡಿಸೆಂಬರಿನ ತಂಪುಗಾಳಿಗೆ ಮರುಳಾಗಿ ಹನ್ನೊಂದು ಗಂಟೆಗೆ ಬಂಡೆಯ ಮೇಲೆ ಇಳಿದೆವು. ಸ್ವಲ್ಪ ಹೊತ್ತಿಗೆ ಕರಿಯ ಮುಂಗಾಲುಗಳನ್ನು ಒಂದೊಂದಾಗಿ ಎತ್ತತೊಡಗಿದ. ಮಗ ಅದನ್ನು ಕುಣಿತವೆಂದು ನಗುತ್ತಾ ವಿಡಿಯೋ ಮಾಡಿದ, ನಾನೂ ನಕ್ಕೆ. ನೆರಳಿಗೆ ಬಂದು ಪಾದ ಮಗುಚಿ ನೋಡಿದಾಗ ಎರಡು ಮೆತ್ತೆಗಳ ಕಪ್ಪು ಚರ್ಮ ಬಿಳಿಚಿಕೊಂಡು ಅಂಚಿನಲ್ಲಿ ಸುಲಿದಿತ್ತು. ಅಂದಿನಿಂದ ನಮ್ಮ ಅಳತೆ ಇಷ್ಟೇ: ಅಂಗೈಯ ಹಿಂಬದಿಯನ್ನು ಬಂಡೆಗೆ ಒತ್ತಿ ಏಳು ಸೆಕೆಂಡ್ ಇಟ್ಟುಕೊಳ್ಳಲಾಗದಿದ್ದರೆ ಆ ಬಂಡೆಯ ಮೇಲೆ ನಾಯಿ ನಡೆಯುವಂತಿಲ್ಲ. ಗಾಳಿ ತಂಪಾಗಿದ್ದರೂ ಕಲ್ಲು ಸುಡುತ್ತಿರಬಹುದು. ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುವುದು, ಕಂದರವನ್ನು ಸೂರ್ಯೋದಯದಿಂದ ಒಂಬತ್ತರವರೆಗೆ ನೋಡುವುದು, ನಡುಹಗಲನ್ನು ಮರದ ನೆರಳಿಗೋ ಕೋಣೆಗೋ ಬಿಟ್ಟುಕೊಡುವುದು, ಸಂಜೆಯನ್ನು ನೀರಿನ ದಂಡೆಗೆ ಮೀಸಲಿಡುವುದು ಸರಿ.

ಹೊರಡುವ ಮುನ್ನ ಪಶುವೈದ್ಯರ ಬಳಿ ರೇಬಿಸ್ ಲಸಿಕೆಯ ಗಡುವನ್ನು ನೋಡಿಸಿಕೊಳ್ಳಿ, ನಿಂತ ನೀರಿನಿಂದ ತಗಲುವ ಇಲಿಜ್ವರದ ಲಸಿಕೆ ಹಾಕಿಸಿದ್ದೀರೋ ಇಲ್ಲವೋ ಕೇಳಿಕೊಳ್ಳಿ, ಲಸಿಕೆ ಪುಸ್ತಕವನ್ನು ಕಾರಿನಲ್ಲೇ ಇಡಿ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳನ್ನು ಈ ಪ್ರವಾಸಕ್ಕೆ ಒಯ್ಯದಿರುವುದೇ ಲೇಸು. ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕಾದ ಪ್ರಾಣಿಗೆ ಉಸಿರಾಟವೇ ಕಷ್ಟವಾದರೆ ಬಿಸಿಲು ಬೇಗ ಹೊಡೆಯುತ್ತದೆ. ನೀರಿನ ವಿಷಯದಲ್ಲಿ ಜಿಪುಣತನ ಬೇಡ. ನಾಯಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 50ರಿಂದ 60 ಮಿಲಿಲೀಟರ್ ಬೇಕು, ನಡೆದು ದಣಿದಾಗ ಅದರ ದುಪ್ಪಟ್ಟು. ಕರಿಯನಿಗೆಂದೇ ನಾವು ಎರಡು ದಿನಕ್ಕೆ ಹತ್ತು ಲೀಟರ್ ಒಯ್ಯುತ್ತೇವೆ. ಅರ್ಧ ಕುಡಿಯಲು, ಅರ್ಧ ಮೈ ತೋಯಿಸಲು. ಮನುಷ್ಯರ ಬುತ್ತಿಯಲ್ಲಿ ಮೊಸರನ್ನ ಅವನಿಗೂ ಸಲ್ಲುತ್ತದೆ, ಆದರೆ ಈರುಳ್ಳಿ ಬಿದ್ದ ಚಿತ್ರಾನ್ನವಾಗಲಿ ಒಣದ್ರಾಕ್ಷಿಯಾಗಲಿ ಕೂಡದು. ಅವ್ವನಿಗೆ ಇದನ್ನು ಒಪ್ಪಿಸುವುದು ನಾಯಿಯನ್ನು ಕಾರು ಹತ್ತಿಸುವುದಕ್ಕಿಂತ ಕಷ್ಟವಾಯಿತು.

ರಾಯದುರ್ಗದಿಂದ ಕಲ್ಯಾಣದುರ್ಗ, ಅನಂತಪುರ, ತಾಡಿಪತ್ರಿ, ಜಮ್ಮಲಮಡುಗು ಎಂಬುದು ನಮ್ಮ ದಾರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಳಿಸಿದರೆ ನಾಯಿ ವಾಂತಿ ಮಾಡುವುದು ಕಡಿಮೆ. ತಾಡಿಪತ್ರಿಯಲ್ಲಿ ಪೆನ್ನೆಯ ದಡದಲ್ಲೇ ಇರುವ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನದ ಕೆತ್ತನೆಯನ್ನು ನೋಡದೆ ಮುಂದೆ ಸಾಗುವುದು ಅನ್ಯಾಯ. ಅಲ್ಲಿ ಸರದಿಯ ಮೇಲೆ ಒಳಗೆ ಹೋಗಿ, ಒಬ್ಬರು ನಾಯಿಯೊಂದಿಗೆ ಹೊರಗೆ ನೆರಳಿನಲ್ಲಿ ಉಳಿಯಬೇಕು. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದ್ದೇವೆಂದು ಧೈರ್ಯ ಮಾಡಿ ಅದನ್ನು ನಿಂತ ಕಾರಿನೊಳಗೆ ಬಿಡಬೇಡಿ. ವಸತಿಗೃಹವಾಗಲಿ ಡೇರೆಯವರಾಗಲಿ, ನಾಯಿಗೆ ಅವಕಾಶವಿದೆಯೇ ಎಂದು ಮೊದಲೇ ಫೋನು ಮಾಡಿ ಕೇಳಿ, ಒಪ್ಪಿದವರ ಹೆಸರನ್ನು ಬರೆದಿಟ್ಟುಕೊಳ್ಳಿ. ಫೋನಿನಲ್ಲಿ ‘ಪರವಾಗಿಲ್ಲ’ ಎಂದ ಒಂದು ಕಡೆ ಬಾಗಿಲಲ್ಲಿ ಬೇರೆಯೇ ಮಾತು ಕೇಳಿ, ನಾವು ರಾತ್ರಿ ಒಂಬತ್ತರ ತನಕ ಅಲೆದದ್ದುಂಟು. ಬೇಲಂ ಗುಹೆಗಳನ್ನು ಇದೇ ಪ್ರವಾಸಕ್ಕೆ ಪೋಣಿಸುವ ಆಸೆ ಹುಟ್ಟುತ್ತದೆ. ಒಳಗಿನ ಸೆಕೆಯಲ್ಲಿ ನಾಯಿಗೆ ಕೆಲಸವಿಲ್ಲ, ಅದನ್ನು ಬೇರೊಂದು ದಿನಕ್ಕಿಡಿ.

ಕೋಟೆಯೊಳಗೆ ಇಂದಿಗೂ ಒಂದು ಸಣ್ಣ ಊರಿದೆ, ಊರೆಂದ ಮೇಲೆ ಊರನಾಯಿಗಳೂ ಇವೆ. ಹಗ್ಗವನ್ನು ಗಿಡ್ಡ ಹಿಡಿದು, ಅವುಗಳ ಕಣ್ಣಿಗೆ ಕಣ್ಣಿಡದೆ, ಓಡದೆ ನಡೆದರೆ ಅವು ತಮ್ಮ ಸರಹದ್ದಿನ ತನಕ ಬೊಗಳಿ ನಿಲ್ಲುತ್ತವೆ. ಜುಮ್ಮಾ ಮಸೀದಿ, ಧಾನ್ಯದ ಉಗ್ರಾಣ, ಮಾಧವರಾಯ ಮತ್ತು ರಂಗನಾಥ ದೇವಸ್ಥಾನಗಳ ಬಳಿ ಮತ್ತೆ ಸರದಿಯೇ ಉಪಾಯ.

ಕಂದರದ ಅಂಚಿನಲ್ಲಿ ಬೇಲಿಯನ್ನು ನಿರೀಕ್ಷಿಸಬೇಡಿ. ಇಲ್ಲಿನ ಕಲ್ಲು ಕ್ವಾರ್ಟ್‌ಜೈಟ್. ಪದರ ಪದರವಾಗಿ ಕುಳಿತು ಚೌಕಟ್ಟಾಗಿ ಸೀಳುವುದರಿಂದ ಅಂಚೆಲ್ಲ ಯಾರೋ ಪೇರಿಸಿಟ್ಟ ದಿಮ್ಮಿಗಳಂತೆ ಕಾಣುತ್ತದೆ, ಅವುಗಳ ನಡುವಿನ ಸಂದುಗಳು ನಾಯಿಯ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿರುತ್ತವೆ. ಕೊರಳಪಟ್ಟಿ ಇಲ್ಲಿ ಸಾಲದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ಸುಲಭವಾಗಿ ನುಣುಚಿಕೊಳ್ಳುತ್ತದೆ, ಎದುರಿಗೆ ಕೋತಿ ಕಂಡರಂತೂ ಹೇಳುವುದೇ ಬೇಡ. ಎದೆಗೂ ಹೊಟ್ಟೆಗೂ ಸುತ್ತಿ ಬರುವ ಪಟ್ಟಿ ಹಾಕಿ, ಎರಡು ಮೀಟರಿಗಿಂತ ಉದ್ದವಲ್ಲದ ಗಟ್ಟಿ ಹಗ್ಗ ಕಟ್ಟಿ, ಅಂಚಿನಿಂದ ಕನಿಷ್ಠ ಎರಡು ಹಗ್ಗದಷ್ಟು ದೂರ ನಿಲ್ಲಿ. ಹಗ್ಗವನ್ನು ಮಕ್ಕಳ ಕೈಗೆ ಕೊಡಬಾರದು, ಹಿಡಿದವರು ಅದೇ ಹೊತ್ತಿಗೆ ಫೋಟೋ ತೆಗೆಯಬಾರದು.

ನಾಲಗೆ ಕೆಂಪೇರಿ ಜೋತುಬಿದ್ದು, ಜೊಲ್ಲು ಅಂಟಂಟಾಗಿ, ನಡಿಗೆ ತೂರಾಡಿದರೆ ಅದು ದಣಿವಲ್ಲ, ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಹೊಟ್ಟೆ, ತೊಡೆಸಂದು, ಪಾದಗಳಿಗೆ ಮಾಮೂಲಿ ನೀರು ಸುರಿದು ಗಾಳಿ ಬೀಸಬೇಕು. ಮಂಜುಗಡ್ಡೆಯ ನೀರು ಬೇಡ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ನಾಯಿಯ ಸಹಜ ಉಷ್ಣತೆ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೆ ಅಪಾಯ. ಎದ್ದು ಓಡಾಡಿದರೂ ಪಶು ಆಸ್ಪತ್ರೆಗೆ ತೋರಿಸಿಯೇ ಊರು ಸೇರಿ.

ಸಂಜೆಗೆ ಕಂದರದ ಕೆಳಗಿನ ಮೈಲವರಂ ಜಲಾಶಯದ ದಂಡೆ ಹಿತ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಕೆನೆ ಕಂಡರೆ ಅದು ವಿಷಕಾರಿ ಪಾಚಿಯಿರಬಹುದು; ನಾಯಿಯನ್ನು ಅತ್ತ ಬಿಡಬೇಡಿ. ತಿಳಿಯಾಗಿದ್ದರೂ ಮೊದಲು ನಿಮ್ಮ ಸೀಸೆಯ ನೀರನ್ನು ಹೊಟ್ಟೆ ತುಂಬ ಕುಡಿಸಿ, ಆಮೇಲೆ ಮೊಣಕಾಲು ಮುಳುಗುವಷ್ಟು ಇಳಿಸಿ. ಅಣೆಕಟ್ಟಿನ ತೂಬಿನ ಬದಿ, ಮೀನುಬಲೆ ಹರಡಿದ ಕಡೆ ಸುಳಿಯಬೇಡಿ. ಪೊದೆಯೊಳಗೆ ಮೂಗು ತೂರಿಸಲೂ ಬಿಡಬೇಡಿ. ಕೊಳಕುಮಂಡಲ ಹೊರಬೀಳುವ ಹೊತ್ತು ಅದೇ.

ಕಾರು ಹತ್ತಿಸುವ ಮುಂಚೆ ಟಾರ್ಚು ಹಿಡಿದು ನಾಲ್ಕೂ ಪಾದಗಳ ಬೆರಳಸಂದು ಬಿಡಿಸಿ ನೋಡಿ. ಜಾಲಿಮುಳ್ಳು ಎದ್ದು ಕಾಣುತ್ತದೆ, ನೆಗ್ಗಿಲುಮುಳ್ಳು ಮಾತ್ರ ಮೆತ್ತೆಯೊಳಗೆ ಹೂತು ಕೂತಿರುತ್ತದೆ. ಬೆರಳಿನಿಂದ ಸವರಿದಾಗ ಕಾಲೆಳೆದುಕೊಂಡರೆ ಅಲ್ಲೇ ಇದೆಯೆಂದರ್ಥ. ಕಿವಿಯ ಮಡಿಕೆಯಲ್ಲಿ, ಬಾಲದ ಬುಡದಲ್ಲಿ ಉಣುಗು ಕಂಡರೆ ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರವಾಗಿ ಎಳೆಯಿರಿ.