ಒರೆ ಮೊದಲು, ಪಿಸ್ತೂಲು ಆಮೇಲೆ: ನನ್ನ ಅನುಭವ

ಹ್ಯೂಸ್ಟನ್ ನಗರದ ಹೊರವಲಯದಲ್ಲಿ ನಾನೂ ನನ್ನ ಯಜಮಾನರೂ ಸೇರಿ ನಡೆಸುತ್ತಿರುವ ಔಷಧಿ ಅಂಗಡಿಯನ್ನು ರಾತ್ರಿ ಒಂಬತ್ತಕ್ಕೆ ಮುಚ್ಚುವವಳು ಹೆಚ್ಚಿನ ದಿನಗಳಲ್ಲಿ ನಾನೇ. ಬೀಗ ಹಾಕಿದ ಕಪಾಟಿನಲ್ಲಿ ಆಕ್ಸಿಕೋಡೋನ್, ಹೈಡ್ರೊಕೋಡೋನ್‌ನಂತಹ ನೋವುನಿವಾರಕ ಮಾತ್ರೆಗಳಿರುತ್ತವೆ. ಅಂಗಡಿಗೆ ಕಳ್ಳರು ಬಂದರೆ ಗಲ್ಲಾಪೆಟ್ಟಿಗೆಗಿಂತ ಮೊದಲು ಹುಡುಕುವುದು ಅವನ್ನೇ. ಒಂದು ಬೆಳಿಗ್ಗೆ ಹಿಂಬಾಗಿಲ ಬೀಗದ ಸುತ್ತ ಯಾರೋ ಮೀಟುಗೋಲು ಹಾಕಿ ಎಬ್ಬಿಸಲು ನೋಡಿದ ಗುರುತುಗಳನ್ನು ಕಂಡ ಮೇಲೆ, ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡೇ ಓಡಾಡುವ ಅಭ್ಯಾಸ ಮಾಡಿಕೊಳ್ಳಬೇಕೆಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು. ಆ ತೀರ್ಮಾನದಿಂದ ಇಂದಿನ ನೆಮ್ಮದಿಯವರೆಗೆ ಬರಲು ನನಗೆ ಸುಮಾರು ಎರಡು ವರ್ಷ, ಎರಡು ಆಯುಧ, ಅವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನಾಲ್ಕು ಒರೆ (ಹೋಲ್‌ಸ್ಟರ್) ಬೇಕಾದವು. ಇಷ್ಟು ಸುತ್ತು ಬಳಸಿದ್ದಕ್ಕೆ ಕಾರಣ ಒಂದೇ: ಆಯುಧವನ್ನು ಮೊದಲು ಕೊಂಡು, ಅದನ್ನು ಎಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂಬುದನ್ನು ಆಮೇಲೆ ಯೋಚಿಸಿದೆ.

ವಿರಾಜಪೇಟೆ ಕಡೆಯ ತೋಟದ ಮನೆಯಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅಜ್ಜನ ಒಂಟಿ ನಳಿಗೆಯ ಕೋವಿಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆಗೆ ಇಡುತ್ತಿದ್ದುದನ್ನು ನೋಡಿಯೇ ದೊಡ್ಡವಳಾದವಳು ನಾನು. ಆದರೆ ಕೋಣೆಯ ಮೂಲೆಯಲ್ಲಿ ನಿಂತಿದ್ದು, ಕಾಡುಹಂದಿ ಗದ್ದೆಗೆ ಇಳಿದಾಗ ಮಾತ್ರ ಕೈಗೆ ಬರುವ ಕೋವಿಯೇ ಬೇರೆ. ಹನ್ನೆರಡು ಗಂಟೆ ಕಾಲ ಹೊಟ್ಟೆಗೆ ಒತ್ತಿಕೊಂಡು ನಮ್ಮೊಂದಿಗೆ ಕೂರುವ, ಏಳುವ, ಬಗ್ಗುವ ಪಿಸ್ತೂಲೇ ಬೇರೆ. ಕೋವಿಯನ್ನು ಬಲ್ಲೆನೆಂಬ ಧೈರ್ಯದಿಂದ ನಾನು ಈ ವ್ಯತ್ಯಾಸವನ್ನು ಗಮನಿಸಲೇ ಇಲ್ಲ.

ಮೊದಲು ಕೊಂಡದ್ದು ಐದು ತೋಟಾ ಹಿಡಿಯುವ .38 ಸ್ಪೆಷಲ್ ರಿವಾಲ್ವರ್. ಹೆಂಗಸರ ಕೈಗೆ ಇದೇ ಸರಿ, ಹಗುರವಾಗಿದೆ ಎಂದು ಅಂಗಡಿಯಾತ ಹೇಳಿದ, ನಾನು ಒಪ್ಪಿದೆ. ಅರ್ಧ ಕಿಲೋಗಿಂತ ಕಡಿಮೆ ತೂಕದ ಅದು ಮೈಮೇಲೆ ಇದೆಯೆಂದೇ ತಿಳಿಯುತ್ತಿರಲಿಲ್ಲ, ನಿಜ. ಆದರೆ ಆಯುಧ ಹಗುರವಾದಷ್ಟೂ ಗುಂಡಿನ ಹಿಮ್ಮೆಟ್ಟನ್ನು ಕೈಯೇ ಹೀರಬೇಕಾಗುತ್ತದೆ. ಇಪ್ಪತ್ತು ಗುಂಡು ಹಾರಿಸುವಷ್ಟರಲ್ಲಿ ಹೆಬ್ಬೆರಳಿನ ಬುಡದ ಚರ್ಮ ಕೆಂಪಾಗುತ್ತಿತ್ತು. ಅದರ ಕುದುರೆಯನ್ನು (ಟ್ರಿಗರ್) ಎಳೆಯಲು ಐದು ಕಿಲೋಗಿಂತ ಹೆಚ್ಚು ಬಲ ಬೇಕಿದ್ದುದರಿಂದ, ಎಳೆಯುವಷ್ಟರಲ್ಲಿ ಗುರಿ ಪಕ್ಕಕ್ಕೆ ಸರಿದಿರುತ್ತಿತ್ತು. ನೋವಿಗೆ ಹೆದರಿ ಅಭ್ಯಾಸಕ್ಕೆ ಹೋಗುವುದನ್ನೇ ಮುಂದೂಡತೊಡಗಿದೆ. ಮೂರು ತಿಂಗಳು ಕಳೆದ ಮೇಲೆ ಏಳು ಗಜ ದೂರದ ಕಾಗದದಲ್ಲಿ ಐದರಲ್ಲಿ ಎರಡು ಗುಂಡು ಮಾತ್ರ ಬಿದ್ದಾಗ, ಅದನ್ನು ಇಟ್ಟುಕೊಂಡು ಓಡಾಡುವುದು ನನ್ನ ಸುತ್ತಲಿನವರಿಗೆ ಅಪಾಯ ಎಂದು ಮನವರಿಕೆಯಾಯಿತು. ಆ ರಿವಾಲ್ವರ್‌ನಲ್ಲಿ ನುರಿತವರು ಇದ್ದಾರೆ, ಆದರೆ ಅದು ನುರಿತವರ ಆಯುಧವೇ ಹೊರತು ಹೊಸಬರದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಬಾರಿ ಕೊಳ್ಳುವ ಮೊದಲು ಬಾಡಿಗೆಗೆ ಪಿಸ್ತೂಲು ಕೊಡುವ ಶೂಟಿಂಗ್ ರೇಂಜಿಗೆ ನಾಲ್ಕು ಶನಿವಾರ ಹೋದೆ. ಗ್ಲಾಕ್ 19, ಸಿಗ್ ಸಾವರ್ ಪಿ365, ಗ್ಲಾಕ್ 43ಎಕ್ಸ್, ಈ ಮೂರರಲ್ಲೂ ಒಂದೊಂದು ದಿನ ಐವತ್ತು ಐವತ್ತು ಗುಂಡು ಹಾರಿಸಿ, ಕೊನೆಯ ಶನಿವಾರ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದೆ. ನಾನು ನೋಡಿದ್ದು ಮುಖ್ಯವಾಗಿ ಕೈಯ ಅಳತೆಯನ್ನು. ನಳಿಗೆ ಮುಂಗೈಯ ನೇರಕ್ಕೆ ಬರುವಂತೆ ಹಿಡಿದಾಗ, ಕೈಯನ್ನು ತಿರುಚದೆ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಕುದುರೆಯ ಮೇಲೆ ಸರಿಯಾಗಿ ಕೂರಬೇಕು. ಹದಿನೈದು ತೋಟಾ ಹಿಡಿಯುವ ಗ್ಲಾಕ್ 19ರ ಹಿಡಿ ನನ್ನ ಚಿಕ್ಕ ಕೈಗೆ ದಪ್ಪವಾಗಿ, ಬೆರಳು ತಲುಪಲು ಹಿಡಿತವನ್ನೇ ಸರಿಸಿಕೊಳ್ಳಬೇಕಾಗಿತ್ತು. ಪಿ365 ಇನ್ನೂ ಚಿಕ್ಕದು, ಚೆನ್ನಾಗಿಯೂ ಕೂರುತ್ತಿತ್ತು, ಆದರೆ ಅದರ ಗಿಡ್ಡ ಹಿಡಿಯಲ್ಲಿ ಕಿರುಬೆರಳಿಗೆ ಆಸರೆ ಸಾಲದೆ ಎರಡನೆಯ ಗುಂಡಿನ ಹೊತ್ತಿಗೆ ಹಿಡಿತ ಸಡಿಲವಾಗುತ್ತಿತ್ತು. 43ಎಕ್ಸ್ ತೆಳ್ಳಗಿದೆ, ಕಿರುಬೆರಳಿಗೂ ಜಾಗವಿದೆ, ಮ್ಯಾಗಜಿನ್‌ನಲ್ಲಿ ಹತ್ತು ತೋಟಾ ಹಿಡಿಯುತ್ತದೆ. ನಾನು ಅದನ್ನೇ ಆರಿಸಿಕೊಂಡೆ.

ಮೊದಲ ತೋಟಾ ನಳಿಗೆಗೆ ಏರಲು ಹಿಂದಕ್ಕೆ ಎಳೆಯಬೇಕಾದ ಮೇಲ್ಭಾಗವನ್ನು, ಅಂದರೆ ಸ್ಲೈಡನ್ನು, ಎಳೆಯಲು ಬಲವಿಲ್ಲವೆಂದು ಅನೇಕ ಹೆಂಗಸರು ಪಿಸ್ತೂಲನ್ನೇ ಕೈಬಿಡುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಸ್ಲೈಡನ್ನು ಹಿಂದಕ್ಕೆ ಎಳೆಯುವ ಬದಲು, ಎಡಗೈಯಲ್ಲಿ ಅದನ್ನು ಮೇಲಿನಿಂದ ಬಿಗಿಯಾಗಿ ಹಿಡಿದು ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕೆಂದು ಕಲಿಸಿದ ಮೇಲೆ, ಆ ತೊಂದರೆ ಒಂದೇ ದಿನದಲ್ಲಿ ಕಳೆಯಿತು.

ಕೊಂಡ ಮೇಲೆ ಸಾಮಾನ್ಯ ತೋಟಾ ಇನ್ನೂರು, ದಿನವೂ ತುಂಬಿಕೊಳ್ಳುವ ಹಾಲೋ ಪಾಯಿಂಟ್ ತೋಟಾ ಐವತ್ತು ಹಾರಿಸಿ, ಒಂದೂ ಸಿಕ್ಕಿಹಾಕಿಕೊಳ್ಳದಿದ್ದುದನ್ನು ನೋಡಿಯೇ ಅದನ್ನು ನಂಬಿದೆ. ಹಾಲೋ ಪಾಯಿಂಟ್ ಎಂದರೆ ತುದಿಯಲ್ಲಿ ಗುಳಿಯಿರುವ ಗುಂಡು; ಅದು ದೇಹದೊಳಗೆ ಅರಳಿ ನಿಲ್ಲುವ ಸಂಭವ ಹೆಚ್ಚು, ಆರಪಾರ ಹೋಗಿ ಹಿಂದಿರುವವರಿಗೆ ತಾಗುವ ಸಂಭವ ಕಡಿಮೆ. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದ ನಂತರ ಎಫ್‌ಬಿಐ ರೂಪಿಸಿದ ಪರೀಕ್ಷೆಯಲ್ಲಿ ಗುಂಡು, ಮಾಂಸದ ಬದಲಿಗೆ ಬಳಸುವ ಜೆಲಟಿನ್‌ನೊಳಗೆ 12ರಿಂದ 18 ಇಂಚು ಇಳಿಯಬೇಕೆಂಬ ಅಳತೆಯಿದೆ. ಆ ಅಳತೆಗೆ ಹೆಸರಾದ ಎರಡು ಮೂರು ತೋಟಾಗಳಲ್ಲಿ ನನ್ನ ಪಿಸ್ತೂಲಿನಲ್ಲಿ ಸರಾಗವಾಗಿ ನಡೆಯುವ ಒಂದನ್ನು ಆರಿಸಿಕೊಂಡು ಆ ಚರ್ಚೆಯನ್ನು ಅಲ್ಲಿಗೇ ಬಿಟ್ಟೆ.

ಒರೆಯ ವಿಷಯವನ್ನು ಮಾತ್ರ ಹಾಗೆ ಬಿಡಲಾಗುವುದಿಲ್ಲ. ಗ್ಲಾಕ್‌ನಲ್ಲಿ ಹೊರಗೆ ಒತ್ತುವ ಸುರಕ್ಷಾ ಗುಂಡಿ ಇರುವುದಿಲ್ಲ. ಅದರ ಮುಖ್ಯ ಸುರಕ್ಷೆ ಕುದುರೆಯಲ್ಲೇ ಇದೆ, ಕುದುರೆಯನ್ನು ಕಾಯುವುದು ಒರೆ. ಹೀಗಾಗಿ ಒರೆ ಎಂಬುದು ಕೇವಲ ಚೀಲವಲ್ಲ, ಅದು ಪಿಸ್ತೂಲಿನದೇ ಒಂದು ಭಾಗ. ನನ್ನ ಮೊದಲ ಒರೆ ಮೆತ್ತನೆಯ ಬಟ್ಟೆಯದು. ಪಿಸ್ತೂಲು ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಒಂದು ಸಂಜೆ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡುತ್ತಾ ಅದನ್ನು ಮರಳಿ ಒಳಗೆ ತಳ್ಳಿದಾಗ ಟಕ್ ಎಂಬ ಸದ್ದು ಕೇಳಿತು. ಒರೆಯ ಅಂಚು ಮಡಚಿಕೊಂಡು ಕುದುರೆಯ ಬಳೆಯೊಳಗೆ ಹೊಕ್ಕು ಕುದುರೆಯನ್ನು ಒತ್ತಿತ್ತು. ತೋಟಾ ಇದ್ದಿದ್ದರೆ ಗುಂಡು ನನ್ನ ತೊಡೆಯನ್ನು ಸೀಳುತ್ತಿತ್ತು. ಆ ಒರೆಯನ್ನು ಇನ್ಯಾರೂ ಬಳಸಬಾರದೆಂದು ಕತ್ತರಿಯಿಂದ ಕತ್ತರಿಸಿ ಕಸಕ್ಕೆ ಹಾಕಿದೆ.

ಎರಡನೆಯದು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಪಿಸ್ತೂಲಿನ ಆಕಾರಕ್ಕೇ ಒತ್ತಿ ಮಾಡಿದ್ದು. ಬಾಯಿ ತೆರೆದೇ ಇರುತ್ತದೆ, ಕುದುರೆ ಪೂರ್ತಿ ಮುಚ್ಚಿರುತ್ತದೆ, ಒಳಗೆ ಕೂತಾಗ ಕ್ಲಿಕ್ ಎನ್ನುತ್ತದೆ. ಆದರೆ ಅಗ್ಗದ ಅದರ ಕ್ಲಿಪ್ಪು ಬೆಲ್ಟನ್ನು ಕಚ್ಚಿ ಹಿಡಿಯುತ್ತಿರಲಿಲ್ಲ. ರಭಸದಿಂದ ಪಿಸ್ತೂಲು ಎಳೆದಾಗ ಒರೆಯೂ ಅದರ ಜೊತೆಗೇ ಕೈಗೆ ಬಂತು. ಮೂರನೆಯದನ್ನು ಕೊಳ್ಳುವ ಹೊತ್ತಿಗೆ ಏನನ್ನು ಪರೀಕ್ಷಿಸಬೇಕೆಂದು ನನಗೆ ತಿಳಿದಿತ್ತು. ಖಾಲಿ ಪಿಸ್ತೂಲನ್ನು ಒರೆಯಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲುಗಿಸಿದೆ, ಬೀಳಲಿಲ್ಲ. ಒರೆಯಲ್ಲಿರುವಾಗಲೇ ಕುದುರೆಯನ್ನು ಹೊರಗಿನಿಂದ ಬೆರಳಿನಿಂದ ಮುಟ್ಟಲು ನೋಡಿದೆ, ಆಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿ ಐವತ್ತು ಸಲ ಎಳೆದೆ, ಒರೆ ಕದಲಲಿಲ್ಲ. ಆಮೇಲೆ ಅದನ್ನು ಧರಿಸಿಯೇ ಮನೆಯಲ್ಲಿ ನೆಲ ಒರೆಸಿದೆ, ಕಾರು ಓಡಿಸಿದೆ, ಅಂಗಡಿಯಲ್ಲಿ ಔಷಧಿಯ ರಟ್ಟಿನ ಪೆಟ್ಟಿಗೆಗಳನ್ನು ಕೆಳಗಿನ ಕಪಾಟಿನಿಂದ ಎತ್ತಿದೆ. ಆ ಒಂದು ವಾರ ಪಿಸ್ತೂಲಿನಲ್ಲಿ ತೋಟಾ ಇರಲಿಲ್ಲ.

ಎಲ್ಲಿ ಧರಿಸುವುದೆಂಬುದಕ್ಕೆ ಗಂಡಸರ ಸಲಹೆ ನನಗೆ ಉಪಯೋಗಕ್ಕೆ ಬರಲಿಲ್ಲ. ನನ್ನ ಯಜಮಾನರು ಬಲಸೊಂಟದ ಹಿಂಬದಿಗೆ ಧರಿಸುತ್ತಾರೆ. ಅದೇ ಜಾಗದಲ್ಲಿ ನಾನು ಧರಿಸಿದರೆ ಸೊಂಟದ ತಿರುವಿನಿಂದಾಗಿ ಹಿಡಿ ಪಕ್ಕೆಲುಬಿಗೆ ಚುಚ್ಚುತ್ತಿತ್ತು. ಹೊಟ್ಟೆಯ ಮುಂಭಾಗದಲ್ಲಿ, ಹೊಕ್ಕುಳಿನ ಬಲಕ್ಕೆ ಇಟ್ಟಾಗ ನನಗೆ ಹೊಂದಿತು. ಪಿಸ್ತೂಲಿನ ಗುರುತು ಬಟ್ಟೆಯ ಮೇಲೆ ಮೂಡುವುದು ನಳಿಗೆಯಿಂದಲ್ಲ, ಹಿಡಿಯಿಂದ. ಆದ್ದರಿಂದ ಹಿಡಿಯನ್ನು ಮೈಯತ್ತ ಒತ್ತಲು ಒರೆಗೆ ಕೊಕ್ಕೆಯಂತಹ ಒಂದು ತುಂಡು ಬೇಕು. ಒರೆಯ ಕೆಳತುದಿಗೆ ಮೆತ್ತೆ ಅಂಟಿಸಿದರೆ ಹಿಡಿ ಇನ್ನಷ್ಟು ಒಳಗೆ ವಾಲುತ್ತದೆ. ಹಳೆಯ ಶೂವಿನ ಒಳಮೆತ್ತೆಯನ್ನು ಕತ್ತರಿಸಿ, ಒಂದರ ಮೇಲೊಂದು ಎರಡು ಪದರ ಅಂಟಿಸಿ, ಮೇಲ್ಭಾಗ ತೆಳ್ಳಗೆ ಕೆಳಭಾಗ ದಪ್ಪಗೆ ಬರುವಂತೆ ಉಜ್ಜಿ ನಾನೇ ಮಾಡಿಕೊಂಡ ಮೆತ್ತೆ ಇಂದಿಗೂ ಇದೆ. ಕೂತಾಗ ಚುಚ್ಚುವುದು ನಿಂತದ್ದು ಅದರಿಂದಲೇ. ಇಲ್ಲಿ ಇಟ್ಟುಕೊಂಡಾಗ ನಳಿಗೆಯ ಬಾಯಿ ತೊಡೆಯ ಕಡೆಗೆ ಇರುವುದರಿಂದ, ಪಿಸ್ತೂಲನ್ನು ಮರಳಿ ಒರೆಗೆ ಸೇರಿಸುವಾಗ ಅವಸರ ಸಲ್ಲದು. ಎಡಗೈಯಲ್ಲಿ ಬಟ್ಟೆಯನ್ನು ಎದೆಯವರೆಗೆ ಎತ್ತಿ ಹಿಡಿದು, ಬೆನ್ನನ್ನು ಹಿಂದಕ್ಕೆ ವಾಲಿಸಿ, ಬೆರಳು ಕುದುರೆಯಿಂದ ದೂರವಿದೆಯೆಂದು ನೋಡಿಕೊಂಡು, ಒರೆಯ ಬಾಯಿಯನ್ನು ಕಣ್ಣಾರೆ ಕಂಡು ನಿಧಾನವಾಗಿ ಇಳಿಸುತ್ತೇನೆ.

ಪ್ಯಾಂಟು ತೊಟ್ಟ ದಿನ ಗಟ್ಟಿಯಾದ ಬೆಲ್ಟ್ ಸಾಕು. ಚೂಡಿದಾರದ ಲಾಡಿ ಅರ್ಧ ಕಿಲೋ ತೂಕವನ್ನು ತಡೆಯುವುದಿಲ್ಲ. ಅದಕ್ಕಾಗಿ ಬಟ್ಟೆಯೊಳಗೆ ಮೈಗೇ ಕಟ್ಟಿಕೊಳ್ಳುವ, ತನ್ನದೇ ಪಟ್ಟಿಯಿರುವ ಫ್ಲಸ್ಟರ್ ಎನಿಗ್ಮಾ ಎಂಬ ಚೌಕಟ್ಟಿಗೆ ನಾಲ್ಕನೆಯ ಒರೆಯನ್ನು ಜೋಡಿಸಿಕೊಂಡಿದ್ದೇನೆ. ಮೈಸೂರಿನಿಂದ ತಂದ ಅಚ್ಚು ಹಾಕಿದ ಹತ್ತಿ ಕುರ್ತಿಗಳು ಗುರುತನ್ನು ಚೆನ್ನಾಗಿ ಮರೆಸುತ್ತವೆ. ಮೊಣಕಾಲಿನವರೆಗಿನ ಕುರ್ತಿಯನ್ನು ಎತ್ತಲು ಹೊತ್ತು ಹಿಡಿಯುವುದರಿಂದ ಸೊಂಟದ ಕೆಳಗೆ ಒಂದು ಗೇಣು ಮಾತ್ರ ಬರುವಂತೆ ಕತ್ತರಿಸಿ ಹೊಲಿಸಿಕೊಂಡೆ. ಸೀರೆಗೆ ನಾನು ದಾರಿ ಕಾಣಲಿಲ್ಲ. ಸೀರೆ ಉಟ್ಟ ದಿನ ಪಿಸ್ತೂಲು ಮನೆಯ ಸೇಫಿನಲ್ಲೇ ಇರುತ್ತದೆ.

ಕೈಚೀಲದಲ್ಲಿ ಇಟ್ಟುಕೊಂಡರಾಯಿತಲ್ಲ ಎಂದು ಗೆಳತಿಯರು ಕೇಳುತ್ತಾರೆ. ರಿವಾಲ್ವರ್ ಇದ್ದ ಕಾಲದಲ್ಲಿ ಕೆಲವು ವಾರ ನಾನೂ ಹಾಗೆ ಮಾಡಿದ್ದೆ. ಗೌರಿ ಹಬ್ಬದ ಬಾಗಿನ ಕೊಡಲು ಗೆಳತಿಯ ಮನೆಗೆ ಹೋಗಿದ್ದಾಗ, ಪ್ರತಿ ಸಲ ನನ್ನ ಚೀಲದಲ್ಲಿ ಚಾಕಲೇಟು ಸಿಗುವುದನ್ನು ಬಲ್ಲ ಅವಳ ನಾಲ್ಕು ವರ್ಷದ ಮಗಳು ಸೋಫಾದ ಮೇಲಿದ್ದ ಚೀಲದ ಜಿಪ್ಪನ್ನು ಅರ್ಧ ಎಳೆದುಬಿಟ್ಟಿದ್ದಳು. ನಾನು ಕೈ ಚಾಚಿ ಚೀಲವನ್ನು ಕಿತ್ತುಕೊಂಡೆ, ಮಗು ಅತ್ತಿತು, ಗೆಳತಿಗೆ ಏನೂ ಅರ್ಥವಾಗಲಿಲ್ಲ. ಆ ದಿನದಿಂದ ಪಿಸ್ತೂಲು ಒಂದೋ ನನ್ನ ಮೈಮೇಲೆ, ಇಲ್ಲವೇ ಬೀಗದೊಳಗೆ. ಶೌಚಾಲಯದಲ್ಲಿ ಕೂಡ ಅದನ್ನು ಒರೆಯಿಂದ ತೆಗೆದು ಎಲ್ಲಿಯೂ ಇಡುವುದಿಲ್ಲ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ ಅರ್ಹರು ಪರವಾನಗಿ ಇಲ್ಲದೆಯೂ ಪಿಸ್ತೂಲು ಧರಿಸಬಹುದು. ಆದರೂ ನಾನು ಪರವಾನಗಿ ಮಾಡಿಸಿದೆ. ಶಾಲೆಯ ಆವರಣದಿಂದ ಸಾವಿರ ಅಡಿಯೊಳಗಿನ ರಸ್ತೆಯಲ್ಲಿ ಆಯುಧ ಇಟ್ಟುಕೊಂಡು ಸಾಗುವವರಿಗೆ ಆ ರಾಜ್ಯದ ಪರವಾನಗಿ ಇದ್ದರೆ ಕೇಂದ್ರ ಕಾನೂನಿನಲ್ಲಿ ವಿನಾಯಿತಿ ಇದೆ, ನನ್ನ ಅಂಗಡಿಯ ದಾರಿಯಲ್ಲಿ ಶಾಲೆಯಿದೆ. ಮೂರು, ಏಳು, ಹದಿನೈದು ಗಜಗಳಿಂದ ಒಟ್ಟು 50 ಗುಂಡು ಹಾರಿಸಿ 250ರಲ್ಲಿ 175 ಅಂಕ ಪಡೆಯುವ ಪರೀಕ್ಷೆ ಕಷ್ಟದ್ದಲ್ಲ. ತರಗತಿಯಲ್ಲಿ ಹೇಳಿಕೊಡುವ ಕಾನೂನೇ ಅದರ ನಿಜವಾದ ಪ್ರಯೋಜನ. ಎಚ್-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಇದನ್ನು ವಿಶೇಷವಾಗಿ ಗಮನಿಸಬೇಕು: ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಅವರು ಆಯುಧವನ್ನು ಇಟ್ಟುಕೊಳ್ಳುವುದೇ ಅಮೆರಿಕದ ಕೇಂದ್ರ ಕಾನೂನಿನಡಿ ಅಪರಾಧ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಕಾದೆ. ಇನ್ನು ಬಾಗಿಲುಗಳ ಮೇಲಿನ ಫಲಕಗಳನ್ನು ಓದುವುದು ಅಭ್ಯಾಸವಾಗಬೇಕು. 30.06 ಎಂಬ ಸಂಖ್ಯೆಯೊಂದಿಗೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬರೆದ ಫಲಕವಿದ್ದರೆ ಪರವಾನಗಿ ಇದ್ದವರೂ ಪಿಸ್ತೂಲನ್ನು ಮರೆಸಿಕೊಂಡು ಒಳಗೆ ಹೋಗುವಂತಿಲ್ಲ; ನಾವು ಹೋಗುವ ದೇವಸ್ಥಾನದಲ್ಲಿ ಅದು ಇದೆ. ನಮ್ಮ ರಾಜ್ಯೋತ್ಸವ ಸಾಮಾನ್ಯವಾಗಿ ಶಾಲೆಯ ಸಭಾಂಗಣದಲ್ಲಿ ನಡೆಯುತ್ತದೆ, ಅಲ್ಲಿ ಫಲಕವಿರಲಿ ಇಲ್ಲದಿರಲಿ ನಿಷಿದ್ಧ. ಅಂತಹ ದಿನ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ರಾತ್ರಿ ಮನೆಗೆ ಬಂದು ಪಿಸ್ತೂಲನ್ನು ಸೇಫಿಗೆ ಸೇರಿಸುವಾಗ ಮೊದಮೊದಲು ದಿನವೂ ತೋಟಾ ತೆಗೆದು ಬೆಳಿಗ್ಗೆ ಮತ್ತೆ ತುಂಬುತ್ತಿದ್ದೆ. ಕೆಲವು ತಿಂಗಳ ನಂತರ ಕೌಂಟರಿನ ಮೇಲೆ ಎರಡು ತೋಟಾಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಒಂದು ಮತ್ತೊಂದಕ್ಕಿಂತ ಕೂದಲೆಳೆಯಷ್ಟು ಗಿಡ್ಡವಾಗಿ ಕಂಡಿತು. ಒಂದೇ ತೋಟಾವನ್ನು ಮತ್ತೆ ಮತ್ತೆ ನಳಿಗೆಗೆ ಏರಿಸಿದರೆ ಗುಂಡು ಕವಚದೊಳಕ್ಕೆ ಸರಿದು, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಈಗ ತುಂಬಿದ ಪಿಸ್ತೂಲನ್ನು ಒರೆಯ ಸಮೇತ ಹಾಗೆಯೇ ಸೇಫಿನಲ್ಲಿಡುತ್ತೇನೆ. ಒಣ ಅಭ್ಯಾಸಕ್ಕೆಂದು ವಾರಕ್ಕೆರಡು ಸಲ ಖಾಲಿ ಮಾಡಿದಾಗ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುತ್ತೇನೆ. ಮರಳಿ ತುಂಬುವಾಗ ಮೇಲಿದ್ದ ತೋಟಾವನ್ನು ಮ್ಯಾಗಜಿನ್ನಿನ ತಳಕ್ಕೆ ಕಳಿಸಿ, ಗಿಡ್ಡವಾದದ್ದನ್ನು ಪಕ್ಕಕ್ಕೆ ಹಾಕುತ್ತೇನೆ.

ರೇಂಜಿಗೆ ಒಯ್ಯುವ ಚೀಲಕ್ಕೆ ನಾನು ಕೆಂಪು ದಾರ ಕಟ್ಟಿದ್ದೇನೆ, ಅದು ಎಂದಿಗೂ ವಿಮಾನ ಹತ್ತುವುದಿಲ್ಲ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಜೀವಂತ ತೋಟಾ ಭಾರತದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರಕರಣ ದಾಖಲಾಗುತ್ತದೆ, ವಾಪಸ್ ಹೋಗುವ ವಿಮಾನ ತಪ್ಪುತ್ತದೆ, ಠಾಣೆ ಕೋರ್ಟು ಅಲೆಯಬೇಕಾಗುತ್ತದೆ. ಪ್ರತಿ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೊರಡುವ ಮೊದಲು ಎಲ್ಲ ಚೀಲಗಳನ್ನೂ ಹಾಸಿಗೆಯ ಮೇಲೆ ಕವುಚಿ, ಒಳಪದರದ ಹೊಲಿಗೆಗಳನ್ನು ಬೆರಳಿನಿಂದ ಸವರಿ, ಜಾಕೆಟ್‌ಗಳ ಜೇಬುಗಳನ್ನು ಹೊರಮಗ್ಗುಲಿಗೆ ತಿರುಗಿಸಿ ನೋಡುತ್ತೇನೆ. ನನ್ನ ನಂತರ ಯಜಮಾನರು ಇನ್ನೊಮ್ಮೆ ನೋಡುತ್ತಾರೆ.