ಹೆಂಗಸರ ನಗುವಿಗೆ ಬೇರೆ ಥರದ ವೇದಿಕೆ ಬೇಕು

ಪುಣೆಯ ನಮ್ಮ ಕನ್ನಡ ಹೆಂಗಸರ ಬಳಗಕ್ಕೆ ನಾನು ಹಾಸ್ಯ ಕಾರ್ಯಕ್ರಮ ಮಾಡಿಸುತ್ತಾ ಬಂದು ಬಹಳ ವರ್ಷಗಳಾದವು. ಬರೆಯುವುದು, ತಾಲೀಮು ಮಾಡಿಸುವುದು, ಯಾರ ಪಕ್ಕ ಯಾರು ಕೂತರೆ ಮಾತು ಕಳೆಗಟ್ಟುತ್ತದೆ ಅಂತ ನೋಡುವುದು, ಇದೆಲ್ಲ ನನ್ನ ಕೆಲಸ. ಬಳಗದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವರೇ ಜಾಸ್ತಿ. ಐಟಿ ಕೆಲಸಕ್ಕೆ ಅಂತ ಬೆಂಗಳೂರಿನಿಂದ ಬಂದು ಹಿಂಜವಡಿ ಕಡೆ ನೆಲೆಸಿದ ಹುಡುಗಿಯರೂ ಈಚೆಗೆ ಸೇರಿದ್ದಾರೆ. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ನಡೆಯುವ ಅರಿಶಿಣ-ಕುಂಕುಮದ ದಿನಗಳೇ ನಮಗೆ ಸೀಸನ್. ಹೆಂಗಸರು ನಗಿಸುವ ರೀತಿಯೇ ಬೇರೆ, ಹಾಗಾಗಿ ಅದಕ್ಕೆ ವೇದಿಕೆಯನ್ನೂ ಬೇರೆ ಥರ ಕಟ್ಟಬೇಕು ಅನ್ನುವುದು ಈ ಕೆಲಸದಿಂದ ನನಗೆ ಗಟ್ಟಿಯಾದ ಮಾತು. ನಾನು ಅದನ್ನು ಹೇಗೆ ಕಟ್ಟಿದೆ ಅಂತ ಇಲ್ಲಿ ಬರೆಯುತ್ತೇನೆ.

ಹಾಸ್ಯ ಸಂಜೆ ಅಂದರೆ ಸಾಮಾನ್ಯವಾಗಿ ಒಬ್ಬರು, ಒಂದು ಮೈಕು. ‘ಒಬ್ಬ ಗಂಡ ಇದ್ದನಂತೆ’ ಅಂತ ಶುರು. ಕೊನೆಯ ಸಾಲಿಗೆ ಏಟು, ಚಪ್ಪಾಳೆ, ಮುಂದಿನ ಜೋಕು. ಇದನ್ನು ಯಾರು ಬೇಕಾದರೂ, ಯಾವ ಊರಲ್ಲಿ ಬೇಕಾದರೂ ಹೇಳಬಹುದು. ಹೇಳುವವರ ಮನೆಗೂ ಅದಕ್ಕೂ ಸಂಬಂಧ ಇರಬೇಕಾಗಿಲ್ಲ. ಗಂಡಸರು ಇದನ್ನು ಚೆನ್ನಾಗಿಯೇ ಮಾಡುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಬಳಗದವರನ್ನು ಮೈಕಿನ ಮುಂದೆ ನಿಲ್ಲಿಸಿ ‘ಒಂದು ಜೋಕ್ ಹೇಳಿ’ ಅಂದು ನೋಡಿ. ‘ನನಗ ಬರೂದಿಲ್ರೀ’ ಅಂತ ಮುಖ ಮುಚ್ಚಿಕೊಂಡು ಇಳಿದುಬಿಡುತ್ತಾರೆ. ಅದೇ ಹೆಂಗಸು ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುವಾಗ ಪಕ್ಕದವರು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಒಂದು ಮಾತುಕತೆ ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ. ತಾಲೀಮಿಗೆ ಮೊದಲು ಚಹಾ ಕುಡಿಯುತ್ತಾ ಒಬ್ಬರು ಸುಮ್ನೆ ಶುರು ಮಾಡಿದರು. ‘ನಮ್ಮವರು ಫ್ರಿಜ್ ತಗದು ನಿಂತು, ಮೊಸರು ಎಲ್ಲೈತಿ ಅಂತಾರ. ನಿಮ್ಮ ಕಣ್ಣ ಮುಂದೇನs ಐತಿ ಅಂತೀನಿ. ಇಲ್ಲಲಾ ಅಂತಾರ. ನಾ ಬಂದು ನಿಂತರ ಸಾಕು, ಮೊಸರು ತಾನs ಮುಂದ ಬಂದು ಕೂಡ್ತದ.’ ಪಕ್ಕದವರು ತಡ ಮಾಡಲಿಲ್ಲ. ‘ನಮ್ಮನ್ಯಾಗ ಚಷ್ಮಾ ರೀ ವೈನಿ. ತಲಿ ಮ್ಯಾಲ ಇಟಗೊಂಡು ಮನಿ ಎಲ್ಲಾ ಹುಡುಕಸ್ತಾರ.’ ಮೂಲೆಯಲ್ಲಿದ್ದ ಎಲ್ಲರಿಗಿಂತ ಹಿರಿಯರು ಲೋಟ ಕೆಳಗಿಟ್ಟು ನಿಧಾನಕ್ಕೆ ಅಂದರು: ‘ನಿಮ್ಮವರು ಎದ್ದರ ಎದ್ದು ಹುಡುಕ್ತಾರಲ್ಲ, ಪುಣ್ಯಾ ಮಾಡೀರಿ. ನಮ್ಮವರು ಕುಂತಲ್ಲೇ ಇಲ್ಲ ಅಂತಾರ.’

ಇದರಲ್ಲಿ ಜೋಕು ಅಂತ ಬಿಡಿಸಿ ತೆಗೆಯುವಂಥದ್ದು ಏನಿದೆ ಹೇಳಿ? ಮೂವರೂ ತಮ್ಮ ತಮ್ಮ ಮನೆಯದನ್ನೇ ಹೇಳಿದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ತಮ್ಮದನ್ನು ಇಟ್ಟರು. ಎರಡನೆಯ ಮಾತು ಬಾರದಿದ್ದರೆ ಮೊದಲನೆಯದು ಬರೀ ದೂರು ಆಗಿಬಿಡುತ್ತಿತ್ತು. ಮೂರನೆಯದು ಬಂದ ಮೇಲೆ ಮೊದಲಿನ ಇಬ್ಬರ ಬೇಸರವೂ ಹಗುರಾಯಿತು. ಹೆಂಗಸರ ಹಾಸ್ಯದ ಜೀವ ಇರುವುದು ಈ ಎರಡನೆಯ ಮತ್ತು ಮೂರನೆಯ ಮಾತಿನಲ್ಲಿ. ನ್ಯೂಜಿಲೆಂಡಿನ ಭಾಷಾತಜ್ಞೆ ಜೆನಿಫರ್ ಹೇ ಗೆಳೆಯ ಗೆಳತಿಯರ ಗುಂಪುಗಳ ಮಾತನ್ನು ರೆಕಾರ್ಡ್ ಮಾಡಿ ಅಭ್ಯಾಸ ಮಾಡಿದ್ದಾರೆ. 2000ದಲ್ಲಿ ಪ್ರಕಟವಾದ ಅವರ ಲೇಖನದಲ್ಲೂ ಇದೇ ಇದೆ: ಒಗ್ಗಟ್ಟು ಬೆಳೆಸಲಿಕ್ಕೆ ತಮ್ಮ ಬದುಕಿನ ತಮಾಷೆಯ ಪ್ರಸಂಗ ಹಂಚಿಕೊಳ್ಳುವುದು ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಜಾಸ್ತಿ. ಅಷ್ಟು ದೂರದ ದೇಶದ ಮಾತು ನಮ್ಮ ಚಹಾದ ಹೊತ್ತಿಗೆ ಹೊಂದಿದ್ದು ನೋಡಿ ನನಗೆ ಧೈರ್ಯ ಬಂತು.

ಹಾಗಾಗಿ ನಿಲ್ಲುವ ಮೈಕು ತೆಗೆದೆವು. ಜಮಖಾನೆ ಹಾಸಿ, ಐದಾರು ಜನ ಅರ್ಧಚಂದ್ರದಂತೆ ಕೂತು, ನಡುವೆ ನೆಲದ ಮೇಲೆ ಎರಡು ಗಿಡ್ಡ ಮೈಕು. ಕೈಗೆ ಏನಾದರೂ ಕೆಲಸ ಕೊಡುತ್ತೇನೆ. ಬಟಾಣಿ ಸುಲಿಯುವುದು, ಹೂ ಕಟ್ಟುವುದು, ಹೆಸರುಬೇಳೆ ಹಸನು ಮಾಡುವುದು. ಇದು ಅಲಂಕಾರಕ್ಕಲ್ಲ. ಕೈ ಕೆಲಸದಲ್ಲಿದ್ದರೆ ಕಣ್ಣು ಜನರ ಕಡೆ ಹೋಗುವುದಿಲ್ಲ, ನಾಚಿಕೆ ಬಿಡುತ್ತದೆ. ಮಾತಿನ ನಡುವೆ ಕೈ ನಿಂತಿತು ಅಂದರೆ ಈಗ ಏನೋ ಬರುತ್ತದೆ ಅಂತ ನೋಡುವವರಿಗೂ ಗೊತ್ತಾಗುತ್ತದೆ.

ಪೂರ್ತಿ ಸಂಭಾಷಣೆ ನಾನು ಬರೆದುಕೊಡುವುದಿಲ್ಲ. ಮೊದಲ ವಾಕ್ಯ ಯಾರದು, ಯಾರ ನಂತರ ಯಾರು, ಕೊನೆಗೆ ಯಾವ ಕಡೆ ಮುಗಿಸಬೇಕು, ಇಷ್ಟು ಬರೆಯುತ್ತೇನೆ. ಬಾಯಿಪಾಠ ಮಾಡಿದ ಮಾತಿಗೆ ಪಕ್ಕದವರು ಕಿವಿಗೊಡುವುದಿಲ್ಲ, ತಮ್ಮ ಸರದಿ ಕಾಯುತ್ತಾ ಕೂರುತ್ತಾರೆ. ನಮ್ಮ ಆಟಕ್ಕೆ ಕಿವಿಗೊಡುವುದೇ ಮುಖ್ಯ. ಇನ್ನು ಒಂದೆರಡು ಕಟ್ಟುನಿಟ್ಟು ಇಟ್ಟಿದ್ದೇನೆ. ಹೇಳುವವಳು ಆ ಪ್ರಸಂಗದಲ್ಲಿ ತಾನೂ ಇರಬೇಕು. ಸೊಸೆ, ಮನೆಗೆಲಸದಾಕೆ, ಹೊಸದಾಗಿ ಬಂದ ಪಕ್ಕದ ಮನೆಯವರು, ಹೀಗೆ ಅಲ್ಲಿ ಕೂತು ಉತ್ತರ ಕೊಡಲಾಗದವರ ಬೆನ್ನ ಹಿಂದೆ ನಗಬಾರದು. ದಪ್ಪ, ಕಪ್ಪು, ಕುಳ್ಳು ಅನ್ನುವ ಮಾತು ಬೇಡವೇ ಬೇಡ. ಮೊದಮೊದಲು ಕೆಲವರು, ‘ಅತ್ತಿ-ಸೊಸಿ ಬಿಟ್ಟರ ಏನ್ ಉಳೀತದ್ರೀ?’ ಅಂದರು. ಉಳಿದದ್ದೇ ಜಾಸ್ತಿ. ಗ್ಯಾಸ್ ಸಿಲಿಂಡರು, ಸೊಸೈಟಿಯ ಮೀಟಿಂಗು, ಮಕ್ಕಳು ಮರಾಠಿಯಲ್ಲಿ ಜಗಳ ಆಡಿ ಕನ್ನಡದಲ್ಲಿ ಅಳುವುದು, ಮುಗಿಯುವುದೇ ಇಲ್ಲ.

ಕಟ್ಟುನಿಟ್ಟು ಯಾಕೆ ಅಂತ ಕೇಳಿದವರಿಗೆ ನಾನು ಮುಂಬೈಯ ನಗೆಕೂಟದ ಕಥೆ ಹೇಳುತ್ತೇನೆ. 1995ರಲ್ಲಿ ಡಾ. ಮದನ್ ಕಟಾರಿಯಾ ಅಂಧೇರಿಯ ಲೋಖಂಡ್‌ವಾಲಾದ ಪಾರ್ಕಿನಲ್ಲಿ ಐದೇ ಜನ ಸೇರಿಸಿ ಅದನ್ನು ಶುರು ಮಾಡಿದರು. ಆಗ ದಿನಾ ಬೆಳಿಗ್ಗೆ ಜೋಕು ಹೇಳಿ ನಗುವುದೇ ಪದ್ಧತಿ. ಕೆಲವೇ ದಿನಕ್ಕೆ ಒಳ್ಳೆಯ ಜೋಕು ತೀರಿ ಹೋದವು. ಅಸಭ್ಯದವು, ಮನಸ್ಸು ನೋಯಿಸುವಂಥವು ಬರತೊಡಗಿದವು. ಬಂದವರು ಬೇಸರಪಟ್ಟರು. ಕೊನೆಗೆ ಜೋಕನ್ನೇ ಬಿಟ್ಟು, ಸುಮ್ಮನೆ ಒಟ್ಟಿಗೆ ನಗುವ ಅಭ್ಯಾಸ ಹಿಡಿದರು. ಅದು ಈಗ ಎಷ್ಟೋ ದೇಶಗಳಿಗೆ ಹಬ್ಬಿದೆ. ಹೊರಗಿನಿಂದ ತಂದ ಜೋಕು ಒಂದು ದಿನ ಖಾಲಿ ಆಗುತ್ತದೆ. ಮನೆಯ ಪ್ರಸಂಗ ಹಾಗಲ್ಲ, ನಾಳೆ ಬೆಳಿಗ್ಗೆ ಇನ್ನೊಂದು ಇದ್ದೇ ಇರುತ್ತದೆ.

ತಾಲೀಮಿನಲ್ಲಿ ಇನ್ನೊಂದು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ. ನಗಿಸುವವರು ತಾವು ನಗಬಾರದು ಅಂತ ವೇದಿಕೆಯ ಕಡೆ ಒಂದು ನಂಬಿಕೆ ಇದೆ. ನಾನು ನಮ್ಮವರಿಗೆ ಹೇಳುವುದು, ನಗು ಬಂದರೆ ನಗಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ತಮ್ಮ ವಿದ್ಯಾರ್ಥಿಗಳ ಜೊತೆ ಮಾಲು, ಫುಟ್‌ಪಾತುಗಳಲ್ಲಿ ಜನ ಯಾವಾಗ ನಗುತ್ತಾರೆ ಅಂತ ಗುರುತು ಹಾಕಿಕೊಂಡರು. ಸುಮಾರು 1200 ಸಲದ ನಗು. ಜೋಕು ಅನ್ನಬಹುದಾದ ಮಾತಿಗೆ ಬಂದ ನಗು ಅದರಲ್ಲಿ ಶೇಕಡಾ 20ರಷ್ಟೂ ಇರಲಿಲ್ಲ. ಉಳಿದದ್ದೆಲ್ಲ ‘ಬರ್ತೀನಿ’, ‘ಹೌದಾ’ ಥರದ ಸಾದಾ ಮಾತಿಗೆ. ಕೇಳುವವರಿಗಿಂತ ಹೇಳುವವರೇ ಹೆಚ್ಚು ನಗುತ್ತಾರೆ ಅಂತಲೂ ಅವರು ಕಂಡುಕೊಂಡರು. ನಗು ವಾಕ್ಯದ ನಡುವೆ ನುಗ್ಗುವುದು ಕಡಿಮೆ, ಮಾತು ನಿಲ್ಲುವ ಕಡೆ ಬರುತ್ತದೆ ಅಂತಲೂ ಬರೆದರು. ಇದನ್ನು ಓದಿದ ಮೇಲೆ ತಾಲೀಮಿನಲ್ಲಿ ವಾಕ್ಯ ಚಿಕ್ಕದು ಮಾಡಿಸಿದೆ. ಒಂದು ಮಾತು ಮುಗಿದ ಮೇಲೆ ಮುಂದಿನವರು ಉಸಿರು ಎಳೆದುಕೊಳ್ಳುವಷ್ಟು ಜಾಗ ಬಿಡಬೇಕು. ಆ ಜಾಗದಲ್ಲಿ ನಗು ತಾನಾಗಿ ತುಂಬುತ್ತದೆ.

ಹೊಸ ಹುಡುಗಿಯರಿಗೆ ಮಾತು ಬಾರದಿದ್ದಾಗ ನಾನು ಒಡಪಿನಿಂದ ಶುರು ಮಾಡಿಸುತ್ತೇನೆ. ಉತ್ತರ ಕರ್ನಾಟಕದ ಮದುವೆ, ಸೀಮಂತಗಳಲ್ಲಿ ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳುವ ಪದ್ಧತಿ ಅದು. ಇಲ್ಲಿನ ಮರಾಠಿ ಮನೆಗಳಲ್ಲಿ ಉಖಾಣೆ ಅಂತ ಇದೆಯಲ್ಲ, ಅದೇ ಥರ. ಹೊಗಳುತ್ತಾ ಹೊಗಳುತ್ತಾ ಕಚಗುಳಿ ಇಡುವುದಕ್ಕೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ನಮ್ಮ ಬಳಗದಲ್ಲೇ ಕಟ್ಟಿದ್ದು ಒಂದು:

‘ಲಕ್ಷ್ಮೀ ರೋಡಿನ ಅಂಗಡ್ಯಾಗ ಸೀರಿ ಸಾಲ ಸಾಲ,
ಒಳಗ ಹೋಗೂಣಂದ್ರ …ರಾಯರಿಗೆ ನೋಯತಾವ ಕಾಲ.’

ಎದುರಿಗೆ ಕೂತವರು ಅದರ ಬಾಲ ಹಿಡಿದು ಅಲ್ಲೇ ಇನ್ನೊಂದು ಕಟ್ಟಿದರು:

‘ತುಳಶೀಬಾಗಿನ್ಯಾಗ ತಾಮ್ರದ ತಂಬಿಗಿ ಫಳಫಳ ಹೊಳೀತದ,
…ರಾಯರ ಕಾಲನೋವು ಟಿವಿ ಹಚ್ಚಿದ ಕೂಡ್ಲೆ ಇಳೀತದ.’

ಮರಾಠಿ ಗೆಳತಿಯರಿಂದ ಕಲಿತದ್ದೂ ಇದೆ. ನವರಾತ್ರಿಯಲ್ಲಿ ಇಲ್ಲಿ ಭೋಂಡಲಾ ಆಡುತ್ತಾರೆ. ನಡುವೆ ಆನೆಯ ಚಿತ್ರ ಇಟ್ಟು, ಸುತ್ತ ಕೈ ಕೈ ಹಿಡಿದು ಹಾಡುತ್ತಾ ತಿರುಗುವುದು. ಒಂದು ಹಾಡಿನಲ್ಲಿ ಸೊಸೆ ತವರಿಗೆ ಹೋಗುತ್ತೇನೆ ಅನ್ನುತ್ತಾಳೆ. ಹಾಗಲಕಾಯಿ ಬಳ್ಳಿ ನೆಟ್ಟು ಹೋಗು ಅನ್ನುತ್ತಾಳೆ ಅತ್ತೆ. ನೆಟ್ಟಾಯಿತು. ಹೂ ಬಿಡಲಿ. ಬಿಟ್ಟಿತು. ಕಾಯಿ ಆಗಲಿ. ಆಯಿತು. ಪಲ್ಯ ಮಾಡು. ಹೀಗೆ ಬೆಳೆಯುತ್ತಾ ಹೋಗುತ್ತದೆ. ಒಂದು ಕೆಟ್ಟ ಮಾತಿಲ್ಲ, ಬರೀ ಬಳ್ಳಿ ಉದ್ದವಾಗುತ್ತದೆ, ಹಾಡುವವರು ಬಿದ್ದು ಬಿದ್ದು ನಗುತ್ತಾರೆ. ಅದರಲ್ಲಿ ಎಷ್ಟು ತಲೆಮಾರಿನ ಸೊಸೆಯರ ಹೊಟ್ಟೆಯುರಿ ತಣ್ಣಗಾಗಿದೆಯೋ. ಒಂದೇ ಮಾತನ್ನು ತಿರುಗಿ ತಿರುಗಿ ಹೇಳಿ ಬೆಳೆಸುವ ಆ ವರಸೆಯನ್ನು ನಾನು ನಮ್ಮ ಪ್ರಸಂಗಗಳಲ್ಲಿ ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಬರೆಯುವುದರಲ್ಲಿ ನನಗೆ ದಾರಿ ತೋರಿದ್ದು ಟಿ. ಸುನಂದಮ್ಮ. ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ‘ಕೊರವಂಜಿ’ ಪತ್ರಿಕೆಗೆ ಅವರು ಬರೆಯುತ್ತಿದ್ದರು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಮನೆಯೊಳಗಿನದನ್ನೇ ಹಾಸ್ಯಕ್ಕೆ ತಂದದ್ದು ಸಣ್ಣ ಮಾತಲ್ಲ.

ಗಣೇಶೋತ್ಸವದಲ್ಲಿ ಮಾತ್ರ ನಮ್ಮ ಕಾರ್ಯಕ್ರಮಕ್ಕೆ ಗಂಡಸರೂ ಬರುತ್ತಾರೆ. ಆಗ ಲೆಕ್ಕ ಬದಲಾಗುತ್ತದೆ. ಗಂಡಸರು ಮಾತಾಡಿದರೆ ಹೆಂಗಸರು ಧಾರಾಳವಾಗಿ ನಗುತ್ತಾರೆ, ಹೆಂಗಸರು ಮಾತಾಡಿದಾಗ ಗಂಡಸರ ನಗು ಅಷ್ಟು ಬೇಗ ಹೊರಡುವುದಿಲ್ಲ. ಪ್ರೊವೈನ್ ಅವರ ಲೆಕ್ಕದಲ್ಲೂ ಹೀಗೇ ಇದೆ. ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತ ಯಜಮಾನರನ್ನು ನೋಡಿದರೆ ಎಂಥ ಮಾತುಗಾರ್ತಿಗೂ ನಾಲಿಗೆ ಒಣಗುತ್ತದೆ. ಅದಕ್ಕೆ ಮುಂದಿನ ಸಾಲುಗಳಲ್ಲಿ ಹೆಂಗಸರನ್ನೇ ಕೂರಿಸುತ್ತೇನೆ. ನಗು ಮುಂದಿನಿಂದ ಹೊರಟು ಹಿಂದಕ್ಕೆ ಹೋಗುತ್ತದೆ, ಹಿಂದಿದ್ದವರೂ ಸೇರಿಕೊಳ್ಳುತ್ತಾರೆ. ಸಂಘಟಕರಿಗೆ ಇದು ಮೊದಲು ಹಿಡಿಸಲಿಲ್ಲ. ನಾನು ಬಿಡಲಿಲ್ಲ.

ಕಳೆದ ಸಲ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ತಾವೂ ಜಮಖಾನೆಯ ಮೇಲೆ ಕೂರುತ್ತೇನೆ ಅಂತ ಕೇಳಿದರು. ‘ಒಬ್ಬ ಇದ್ದನಂತೆ ಬೇಡ ಕಾಕಾ, ನಿಮ್ಮ ಮನಿದು ಹೇಳ್ರಿ’ ಅಂದೆ. ಒಪ್ಪಿದರು. ಹೆಂಡತಿ ಮಗಳ ಬಾಣಂತನಕ್ಕೆ ಹೋದಾಗ ಕುಕ್ಕರಿನ ಸೀಟಿ ಎಣಿಸುತ್ತಾ ಕೂತದ್ದು, ಪಕ್ಕದ ಮನೆಯ ಸೀಟಿಯನ್ನೂ ಲೆಕ್ಕಕ್ಕೆ ಸೇರಿಸಿ ಹಸಿ ಬೇಳೆ ಉಂಡದ್ದು, ಎಲ್ಲಾ ಹೇಳಿದರು. ‘ಅಂದ್ರ ಅವತ್ತು ನಮ್ಮ ಬ್ಯಾಳಿ ನಿಮ್ಮ ಲೆಕ್ಕದಾಗ ಬೆಂದಿತ್ತು ಅನ್ರಿ’ ಅಂತ ಪಕ್ಕದ ಮನೆಯವರೇ ಸಭೆಯಿಂದ ಕೂಗಿದರು. ಕಾಕಾ ಎಲ್ಲರಿಗಿಂತ ಜಾಸ್ತಿ ನಕ್ಕರು. ಈ ಗಣೇಶೋತ್ಸವಕ್ಕೆ ಗೆಳೆಯರನ್ನೂ ಕರೆತರುತ್ತೇನೆ ಅಂದಿದ್ದಾರೆ. ಬರಲಿ, ಜಾಗ ಇದೆ. ಅವರಿಗೂ ಬಟಾಣಿ ತೆಗೆದಿಡುತ್ತೇನೆ.